ನೋಡಿದವರು ಬಾಯಿ ಬಿಡಬಾರದು

ಇಸ್ಪೀಟಾಡುವವನಿಗೆ ನಮ್ಮ ಸಮಾಜದಲ್ಲಿ ಒಂದು ಸ್ಥಾನವಿದೆ. ಕ್ರಿಕೆಟ್ ಹುಚ್ಚಿರುವವನಿಗಂತೂ ಕಚೇರಿಯಲ್ಲಿ ಮರ್ಯಾದೆಯೇ ಇದೆ. ಪಂದ್ಯದ ದಿನ ಅವನ ಮೇಜಿನ ಸುತ್ತ ಮ್ಯಾನೇಜರೂ ಬಂದು ನಿಲ್ಲುತ್ತಾರೆ. ಅತ್ತೆ ಸೊಸೆಯರ ಧಾರಾವಾಹಿ ನೋಡಿ ಕಣ್ಣೀರು ಹಾಕುವ ಗಂಡಸರನ್ನು ಕೂಡ ಜನ "ಪಾಪ, ಮೃದು ಮನಸ್ಸು" ಎಂದು ಕ್ಷಮಿಸಿಬಿಡುತ್ತಾರೆ. ಆದರೆ ನಲವತ್ತು ದಾಟಿದ, ಹೊಟ್ಟೆ ಮುಂದೆ ಬಂದ, ಬ್ಯಾಂಕಿನಲ್ಲಿ ಅಧಿಕಾರಿ ಎನಿಸಿಕೊಂಡ ಗೃಹಸ್ಥನೊಬ್ಬ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕಿಟಕಿಯ ಪರದೆ ಎಳೆದುಕೊಂಡು ಅಂತರಿಕ್ಷ ನೌಕೆಯ ಧಾರಾವಾಹಿ ನೋಡುತ್ತಾನೆ ಎಂದರೆ ಮಕ್ಕಳು ನಗುತ್ತಾರೆ, ದೊಡ್ಡವರು ಮಾತು ಬದಲಿಸುತ್ತಾರೆ. ನನ್ನ ಹೆಂಡತಿ ಸುಮಿತ್ರಾ ನೆಂಟರ ಮುಂದೆ "ಭಾನುವಾರ ಅವರು ಸ್ವಲ್ಪ ರೆಸ್ಟ್ ತಗೋತಾರೆ" ಎನ್ನುತ್ತಿದ್ದಳು. ಮನೆಯಲ್ಲಿ ಯಾರಿಗೋ ವಾಸಿಯಾಗದ ಕಾಯಿಲೆ ಇದ್ದಾಗ ಹೇಳುವ ದನಿಯಲ್ಲಿ ಹೇಳುತ್ತಿದ್ದಳು. ಇಲ್ಲಿ ನಾನು ಹೇಳಹೊರಟಿರುವುದು ಆ ಕಾಯಿಲೆಯ ಸುಖದ ಬಗ್ಗೆಯೇ. ನಡುನಡುವೆ ಸ್ವಲ್ಪ ಭಯವೂ ಬರುತ್ತದೆ. ಅದಕ್ಕೆ ಮಾತ್ರ ನಾನು ಹೊಣೆಯಲ್ಲ.

ತುಮಕೂರಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಹೊಸತು. ದ್ವಾರಕಾ ನಗರದಲ್ಲಿ ಮೂರನೆಯ ಮಹಡಿಯ ಒಂದು ಮನೆ ಸಿಕ್ಕಿತ್ತು. ತೆಲುಗು ಬಾರದು, ಗೆಳೆಯರಿಲ್ಲ, ಮಗಳು ಮೇಘನಾ ಹೊಸ ಶಾಲೆಯ ಮೇಲೆ ಮುನಿಸಿಕೊಂಡು ಮೂಲೆಯಲ್ಲಿ ಕೂತಿರುತ್ತಿದ್ದಳು. ಇಂಥ ಒಂದು ಭಾನುವಾರ ಟಿ.ವಿ.ಯ ಗುಂಡಿ ಒತ್ತುತ್ತಾ ಹೋದವನಿಗೆ ಆ ನೌಕೆ ಕಂಡಿತು. ಯಾವುದೋ ದೇಶದ ಹಳೆಯ ಧಾರಾವಾಹಿಯನ್ನು ತೆಲುಗಿಗೆ ಡಬ್ ಮಾಡಿ ಹಾಕುತ್ತಿದ್ದರು. ಸರಕು ಸಾಗಿಸುವ ದೊಡ್ಡ ನೌಕೆ; ಹಿಂತಿರುಗುವ ದಾರಿ ತಪ್ಪಿ ಅಲೆಯುತ್ತಿದೆ. ಕ್ಯಾಪ್ಟನ್ ಒಬ್ಬ ಬಿಳಿಗೂದಲಿನ ಹೆಂಗಸು, ನಕ್ಕದ್ದನ್ನು ಯಾರೂ ನೋಡಿಲ್ಲ. ನೌಕೆಯ ತಳದಲ್ಲೊಂದು ಉಗ್ರಾಣ, ಅದಕ್ಕೊಂದು ಕಬ್ಬಿಣದ ಬಾಗಿಲು. ಹೊರಡುವ ಮೊದಲೇ ಅದನ್ನು ಮುಚ್ಚಿ ಮುದ್ರೆ ಹಾಕಿದ್ದರು; ಒಳಗೇನಿದೆ ಎಂದು ನೌಕೆಯಲ್ಲಿದ್ದ ಯಾರಿಗೂ ಹೇಳಿರಲಿಲ್ಲ. ಕಂತಿನ ಕೊನೆಗೆ ಎಲ್ಲರೂ ಊಟಕ್ಕೆ ಕೂತಿರುವಾಗ ಆ ಬಾಗಿಲನ್ನು ಒಳಗಿನಿಂದ ಯಾರೋ ತಟ್ಟಿದರು. ಟಕ್, ಟಕ್, ಟಕ್. ಅವಸರವಿಲ್ಲ, ಕೋಪವಿಲ್ಲ. ಪಕ್ಕದ ಮನೆಯವರು ಹೆಪ್ಪಿಗೆ ಮೊಸರು ಕೇಳಲು ಬಂದಾಗ ತಟ್ಟುತ್ತಾರಲ್ಲ, ಹಾಗೆ.

ಹೊರಗೆ ಹಾಡಹಗಲು, ಸುಡುಸುಡು ಬಿಸಿಲು. ಆದರೂ ನನ್ನ ಮೈಕೂದಲು ನಿಮಿರಿ ನಿಂತವು. ಸುಮಿತ್ರಾ ಅಡುಗೆ ಮನೆಯಿಂದ "ಬಾಗಿಲು ಯಾರು ಬಡೀತಿದಾರೆ ನೋಡಬಾರದಾ? ಕೂತ ಕಡೆ ಬೇರು ಬಿಟ್ಟಿದೆಯಾ?" ಎಂದಳು. ನಾನು ಎದ್ದು ಹೋಗಿ ನಮ್ಮ ಮನೆಯ ಬಾಗಿಲು ತೆಗೆದು ನೋಡಿದೆ. ಯಾರೂ ಇರಲಿಲ್ಲ. ಇರಲಿಕ್ಕಿಲ್ಲ ಎಂದು ಗೊತ್ತಿದ್ದೂ ತೆಗೆದು ನೋಡಿದೆನಲ್ಲ, ಅವತ್ತಿನಿಂದ ನಾನು ಅಭಿಮಾನಿ.

ಸುಖ ಎಂದರೆ ಏನೆಂದು ಆಮೇಲೆ ತಿಳಿಯಿತು. ಭಾನುವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡು, ಮೂರು ದೋಸೆ ತಿಂದು, ಪರದೆ ಎಳೆದು, ಬೆತ್ತದ ಕುರ್ಚಿಯನ್ನು ಟಿ.ವಿ.ಗೆ ಒಂದು ಮೊಳ ಹತ್ತಿರ ಎಳೆದುಕೊಂಡರೆ ಸಾಕು, ಬ್ಯಾಂಕೂ ಇಲ್ಲ, ಬಡ್ಡಿಯೂ ಇಲ್ಲ. ಮೇಘನಾ ಮುನಿಸು ಬಿಟ್ಟು ಬಂದು ನನ್ನ ಕೈ ಹಿಡಿದುಕೊಂಡು ಕೂರುತ್ತಿದ್ದಳು. ಭಯವಾದಾಗ ನನ್ನ ಕೈಯಿಂದಲೇ ತನ್ನ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕರಾವಳಿ ಆಂಧ್ರದ ಮರ್ಯಾದೆ ಆ ಧಾರಾವಾಹಿಗೂ ಹತ್ತಿತ್ತು. ಹಸಿರು ಚರ್ಮದ, ಆರು ಕೈಯ ರಾಕ್ಷಸ ಫಿರಂಗಿ ಗುರಿಯಿಟ್ಟು "ದಯಚೇಸಿ ಲೊಂಗಿಪೋಂಡಿ" ಎನ್ನುತ್ತಿದ್ದ, ಅಂದರೆ ದಯವಿಟ್ಟು ಶರಣಾಗಿ ಎಂದು. ನಮ್ಮ ತುಮಕೂರಿನ ಬಸ್ ಕಂಡಕ್ಟರು ಕೂಡ ಅಷ್ಟು ವಿನಯದಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ. ನಾನು ತೆಲುಗು ಕಲಿತದ್ದೇ ಈ ಜನರಿಂದ. ಹೀಗಾಗಿ ಒಂದು ದಿನ ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಯೊಬ್ಬರು ಬ್ಯಾಂಕಿಗೆ ಬಂದು "ಮ್ಯಾನೇಜರುಗಾರು ಎಲ್ಲಿ?" ಎಂದಾಗ, ನಾನು ಗಂಭೀರವಾಗಿ "ಆಯನ ಸಂಕೇತಾಲು ಮನಕು ಅಂದಡಂ ಲೇದು" ಎಂದುಬಿಟ್ಟೆ. ಅವರ ಸಂಕೇತಗಳು ನಮಗೆ ತಲುಪುತ್ತಿಲ್ಲ! ಆ ಮನುಷ್ಯ ತಲೆಯ ಮೇಲಿನ ಟವೆಲ್ ತೆಗೆದು ಎದೆಗೆ ಒತ್ತಿಕೊಂಡು, "ಅಯ್ಯೋ, ಎಪ್ಪುಡು ಪೋಯಾರಂಡಿ?" ಎಂದರು. ಯಾವಾಗ ಹೋದರು ಎಂದು. ಊಟಕ್ಕೆ ಹೋಗಿದ್ದ ಮ್ಯಾನೇಜರು ಬಾಯಿ ಒರೆಸಿಕೊಳ್ಳುತ್ತಾ ಒಳಗೆ ಬಂದಾಗ ಅವರು ಎರಡು ಹೆಜ್ಜೆ ಹಿಂದೆ ಸರಿದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ.

ಈ ಪ್ರಸಂಗವನ್ನು ಕೌಂಟರಿನ ಆಚೆ ನಿಂತು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕವರೇ ಮೂರ್ತಿಗಾರು. "ಏನ್ರೀ ಸಾರ್, ನೀವೂ ಆ ನೌಕೆ ನೋಡ್ತೀರೇನ್ರಿ?" ಎಂದು ಕನ್ನಡದಲ್ಲಿ ಕೇಳಿದರು. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದ ತೆಲುಗಿನವರು, ಬಂದರಿನಲ್ಲಿ ಅಧಿಕಾರಿ, ಯಾವ ಹಡಗು ಯಾವ ಕಟ್ಟೆಗೆ ಬರಬೇಕೆಂದು ಗೊತ್ತುಮಾಡುವ ಕೆಲಸ. ನಿವೃತ್ತಿಗೆ ಹತ್ತಿರವಾಗಿದ್ದರು. ತೆಳ್ಳನೆಯ ಆಳು, ಕುತ್ತಿಗೆ ಓರೆ ಮಾಡಿ ಒಂದೇ ಕಣ್ಣಿನಿಂದ ನೋಡುವ ಅಭ್ಯಾಸ. ಹಡಗಿನ ಮನುಷ್ಯನಾದ್ದರಿಂದ ನೌಕೆಯ ಆಡಳಿತ ಅವರಿಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. "ಅಷ್ಟು ದೊಡ್ಡ ಹಡಗು ಗ್ರಹಕ್ಕೆ ಬರ್ತದೆ, ದಾರಿ ತೋರಿಸೋಕೆ ಒಬ್ಬ ಪೈಲಟ್ ಇಲ್ಲ, ಎಳೆಯೋಕೆ ಒಂದು ಟಗ್ ಇಲ್ಲ, ಕಸ್ಟಮ್ಸಿನವನು ಇಲ್ಲವೇ ಇಲ್ಲ! ಸೀದಾ ಬಂದು ನಿಲ್ಲಿಸಿ ಇಳೀತಾರಂಡಿ. ನಮ್ಮಲ್ಲಿ ಆಗಿದ್ರೆ ಆ ಯಮ್ಮಂದು ಲೈಸೆನ್ಸು ಹೋಗಿರ್ತಿತ್ತು" ಎಂದು ಕ್ಯಾಪ್ಟನ್ ಮೇಲೆ ಹರಿಹಾಯುತ್ತಿದ್ದರು. ಹೀಗೆ ಬೈಯುತ್ತಾ ಒಂದೇ ಒಂದು ಕಂತನ್ನೂ ಬಿಡುತ್ತಿರಲಿಲ್ಲ. ಅವರ ಹೆಂಡತಿ ಕಾಮೇಶ್ವರಮ್ಮನವರೂ ಬಳ್ಳಾರಿ ಕಡೆಯವರೇ. ನಮ್ಮಿಬ್ಬರನ್ನು ನೋಡಿ ಸುಮಿತ್ರಾಳ ಜೊತೆ ಏನೇನೋ ಮಾತಾಡಿಕೊಂಡು ನಗುತ್ತಿದ್ದರು.

ನಮ್ಮಿಬ್ಬರ ನಡುವೆ ಒಂದು ನಿಯಮ ಹುಟ್ಟಿದ್ದು ಕರೆಂಟಿನಿಂದ. ಅವರ ಕ್ವಾರ್ಟರ್ಸಿನಲ್ಲಿ ಕರೆಂಟಿದ್ದಾಗ ನಮ್ಮಲ್ಲಿ ಇರುತ್ತಿರಲಿಲ್ಲ, ನಮ್ಮಲ್ಲಿದ್ದಾಗ ಅಲ್ಲಿ ಇಲ್ಲ. ತಪ್ಪಿಹೋದ ಕಂತು ಬುಧವಾರ ಸಂಜೆ ಮರುಪ್ರಸಾರವಾಗುತ್ತಿತ್ತು. ಒಮ್ಮೆ ನನಗೆ ತಪ್ಪಿದ ಕಂತಿನ ಕಥೆಯನ್ನು ಮೂರ್ತಿಗಾರು ಸೋಮವಾರ ಬೆಳಿಗ್ಗೆಯೇ ಬಂದು ಪೂರ್ತಿ ಹೇಳಿಬಿಟ್ಟರು. ನಾನು ಅವರೊಡನೆ ಒಂದು ವಾರ ಮಾತು ಬಿಟ್ಟೆ. ಆಮೇಲೆ ಕಾಮೇಶ್ವರಮ್ಮನವರೇ ಫಿಲ್ಟರ್ ಕಾಫಿ ಕೊಟ್ಟು ರಾಜಿ ಮಾಡಿಸಿದರು. ಅಂದಿನಿಂದ ಕಾನೂನು ಜಾರಿಗೆ ಬಂತು: ನೋಡಿದವರು ಬಾಯಿ ಬಿಡಬಾರದು. ನೋಡದವನು ಎಷ್ಟೇ ಕೇಳಲಿ, ಕಾಲು ಹಿಡಿಯಲಿ, ಉತ್ತರ ಒಂದೇ. ಮೇಜಿನ ಮೇಲೆ ಬೆರಳಿನಿಂದ ಮೂರು ಸಲ ತಟ್ಟಬೇಕು. ನೋಡಿದ್ದೇನೆ, ಹೇಳುವುದಿಲ್ಲ ಎಂದು ಅದರ ಅರ್ಥ. ಮೂರ್ತಿಗಾರು ಕೌಂಟರಿನ ಗಾಜಿನ ಮೇಲೆ ತಟ್ಟಿ, ಕುತ್ತಿಗೆ ಓರೆ ಮಾಡಿ ನನ್ನನ್ನು ನೋಡಿ ಹೋದರೆಂದರೆ ನನಗೆ ಲೆಕ್ಕ ತಪ್ಪುತ್ತಿತ್ತು. ಬುಧವಾರದವರೆಗೆ ಕಾಯುವ ಜಾಯಮಾನ ನನ್ನದಲ್ಲ. "ಮರುಪ್ರಸಾರ ನೋಡುವವನು ಅಭಿಮಾನಿಯೇ ಅಲ್ಲ" ಎಂದು ಸಾರಿಕೊಂಡು ತಿರುಗುತ್ತಿದ್ದೆ. ಕರೆಂಟು ಹೋದ ಭಾನುವಾರ ಬನಿಯನ್ ಮೇಲೆ ಅಂಗಿ ಸಿಕ್ಕಿಸಿಕೊಂಡು, ಆಟೋ ಹಿಡಿದು, ಕರೆಂಟಿರುವ ಮನೆ ಹುಡುಕಿಕೊಂಡು ಹೋದದ್ದುಂಟು. ಪರಿಚಯವೇ ಇಲ್ಲದ ಒಬ್ಬ ದಂತವೈದ್ಯರ ಕಾಯುವ ಕೋಣೆಯಲ್ಲಿ ಕೂತು, ಗಲ್ಲ ಹಿಡಿದುಕೊಂಡು, ಪೂರ್ತಿ ಕಂತು ನೋಡಿ ಬಂದವನು ನಾನು.

ನಿವೃತ್ತಿಯಾದ ಮೇಲೆ ಮೂರ್ತಿಗಾರು ವಿಜಯವಾಡಕ್ಕೆ ಹೋದರು. ಅಲ್ಲಿ ಅವರ ಸ್ವಂತ ಮನೆ, ಮಗ ಪ್ರಸಾದ್ ಔಷಧದ ಕಂಪನಿಯಲ್ಲಿ ಕೆಲಸದಲ್ಲಿದ್ದ. ರೈಲು ನಿಲ್ದಾಣದಲ್ಲಿ ಕಿಟಕಿಯ ಸರಳನ್ನು ಮೂರು ಸಲ ತಟ್ಟಿದರು. ಆಮೇಲೆ ನಮ್ಮ ಸಂಸಾರ ಫೋನಿನಲ್ಲಿ ನಡೆಯಿತು. ಭಾನುವಾರ ಕಂತು ಮುಗಿದ ಕೂಡಲೇ ಫೋನು ಬಡಿದುಕೊಳ್ಳುತ್ತಿತ್ತು. "ನೋಡಿದ್ರೇನ್ರಿ?" ಎಂದು ಮೊದಲು ಕೇಳಬೇಕು. ಇಲ್ಲ ಎಂದರೆ ಆ ಕಡೆಯಿಂದ ಮಾತಿಲ್ಲ, ಬರೀ ರಿಸೀವರಿನ ಮೇಲೆ ಉಗುರಿನ ಸದ್ದು, ಟಕ್ ಟಕ್ ಟಕ್. ನಮ್ಮ ಮುಖ್ಯ ಚರ್ಚೆ ಆ ಬಾಗಿಲಿನದು. ಒಳಗಿರುವವಳು ಕ್ಯಾಪ್ಟನ್ನೇ, ಕಾಲ ತಿರುಗಿ ಬಂದು ಹಾಗೆ ಆಗಿದೆ ಎಂದು ನನ್ನ ವಾದ. ಮೂರ್ತಿಗಾರು ಒಪ್ಪುತ್ತಿರಲಿಲ್ಲ. "ಅಲ್ರೀ ಸಾರ್, ಒಳಗೆ ಇರೋರಿಗೆ ಈ ಕಡೆ ಇರೋ ನಾವೇ ಒಳಗೆ ಸಿಕ್ಕಿಬಿದ್ದೀವಿ ಅಂತ ಅನಿಸ್ತಿರ್ತದೆ ನೋಡ್ರಿ. ಅದಕ್ಕೇ ತಟ್ತಾರೆ. ಇದ್ದೀರಾ ಅಂತ ಕೇಳ್ತಾರೆ ಪಾಪ" ಎಂದರು ಒಂದು ಸಲ. ಫೋನಿಟ್ಟ ಮೇಲೆ ನಾನು ಎದ್ದು ಪರದೆ ಸರಿಸಿದೆ. ಬಿಸಿಲು, ರಸ್ತೆ, ಬಾಳೆಹಣ್ಣಿನ ಗಾಡಿ, ಎಲ್ಲ ಇದ್ದವು. ಆದರೂ ಗಾಜಿನ ಈಚೆ ನಿಂತ ನನಗೆ ಹೊರಗಿನದೆಲ್ಲ ಟಿ.ವಿ.ಯೊಳಗಿನದರಂತೆ ಕಂಡು, ದಿನವಿಡೀ ಮನಸ್ಸು ಸರಿಯಿರಲಿಲ್ಲ.

ಕೊನೆಗೂ ಆ ದಿನ ಬಂತು. ಕ್ಯಾಪ್ಟನ್ ಒಬ್ಬಳೇ ಉಗ್ರಾಣಕ್ಕೆ ಇಳಿದಳು. ದೀಪಗಳು ಒಂದೊಂದಾಗಿ ಆರಿದವು. ಒಳಗಿನಿಂದ ಮೂರು ತಟ್ಟು. ಅವಳೂ ಹೊರಗಿನಿಂದ ಮೂರು ಸಲ ತಟ್ಟಿದಳು. ಮುದ್ರೆ ಒಡೆದಳು, ಹಿಡಿಕೆಯ ಮೇಲೆ ಕೈಯಿಟ್ಟಳು, ಮೊದಲ ಬಾರಿಗೆ ಅವಳ ತುಟಿಯ ಮೇಲೆ ನಗುವಿನಂಥದು ಏನೋ ಬಂತು. ತೆರೆಯ ಮೇಲೆ "ಸಶೇಷಂ" ಎಂದು ಬಿತ್ತು. ಮುಂದಿನ ಭಾನುವಾರ ನಾನು ಎಂಟಕ್ಕೇ ಪರದೆ ಎಳೆದು ಕೂತೆ. ಹನ್ನೊಂದಕ್ಕೆ ರೇಷ್ಮೆ ಜುಬ್ಬಾ ಹಾಕಿದ ಒಬ್ಬ ಮನುಷ್ಯ ತೆರೆಯ ಮೇಲೆ ಬಂದು, ಅದೃಷ್ಟದ ಹರಳಿನ ಉಂಗುರ ತೋರಿಸಿ, ಇದನ್ನು ಹಾಕಿಕೊಂಡರೆ ಮುಚ್ಚಿದ ಬಾಗಿಲುಗಳೆಲ್ಲ ತೆರೆಯುತ್ತವೆ ಎಂದ. ಅದರ ಮುಂದಿನ ವಾರವೂ ಅವನೇ. ಚಾನೆಲ್ಲಿಗೆ ಫೋನ್ ಮಾಡಿದರೆ ಒಂದು ಹುಡುಗಿ ಜೇನಿನಂಥ ದನಿಯಲ್ಲಿ ತಾಂತ್ರಿಕ ಕಾರಣ ಎಂದಳು. ಮೂರ್ತಿಗಾರು ವಿಜಯವಾಡದಿಂದ ಅವಳಿಗೆ ಎಷ್ಟು ಸಲ ಫೋನ್ ಮಾಡಿದರೆಂದರೆ, ಕೊನೆಗೆ ಅವಳೇ ಇವರ ಮೊಣಕಾಲು ನೋವಿನ ಬಗ್ಗೆ ವಿಚಾರಿಸುವಷ್ಟು ಸಲಿಗೆ ಬೆಳೆಯಿತು. ಬಾಗಿಲು ಮಾತ್ರ ತೆರೆಯಲಿಲ್ಲ. "ಸಾಯೋದ್ರೊಳಗೆ ಅದೊಂದು ನೋಡಿಬಿಡಬೇಕ್ರಿ ಸಾರ್" ಎನ್ನುತ್ತಿದ್ದರು. ಆಡುವ ಮಾತು, ಎಲ್ಲರೂ ಆಡುತ್ತೇವೆ. ಒಂದು ಬೆಳಿಗ್ಗೆ ಪ್ರಸಾದನ ಫೋನ್ ಬಂತು. ನಾನ್ನಗಾರು, ಅಂದರೆ ಅಪ್ಪ, ಪೇಪರ್ ಓದುತ್ತಾ ಕೂತವರು ಹಾಗೆಯೇ ಹೋಗಿಬಿಟ್ಟರು ಎಂದ. ನನಗೆ ನಂಬಿಕೆಯಾಗಲಿಲ್ಲ, ಆಮೇಲೆ ಬಹಳ ಅಳು ಬಂತು.

ಹತ್ತನೆಯ ದಿನದ ಕಾರ್ಯಕ್ಕೆ ವಿಜಯವಾಡಕ್ಕೆ ಹೋದೆ. ಅವರಿಗೆ ಅನಕಾಪಲ್ಲಿಯ ಬೆಲ್ಲ ಎಂದರೆ ಪ್ರಾಣ. ಒಂದು ಉಂಡೆ ಕಟ್ಟಿಸಿಕೊಂಡು ಹೋಗಿದ್ದೆ. ಕೃಷ್ಣೆಯ ಮೆಟ್ಟಿಲ ಮೇಲೆ ಪುರೋಹಿತರು ವಿಧಿಗಳನ್ನೆಲ್ಲ ಮುಗಿಸಿ, ಬಾಳೆಯೆಲೆಯ ಮೇಲೆ ಪಿಂಡವಿಟ್ಟು, ಪಕ್ಕದಲ್ಲಿ ಹಿತ್ತಾಳೆಯ ತಂಬಿಗೆಯಲ್ಲಿ ನೀರಿಟ್ಟು, ಎಲ್ಲರೂ ದೂರ ಸರಿಯಿರಿ ಎಂದರು. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಅದೇನೆಂದು ಊಹಿಸಿ ಹೇಳಿ ಮಾತು ಕೊಡಬೇಕು. ನಮ್ಮ ತುಮಕೂರಿನಲ್ಲೂ ಹೀಗೇ. ಕಾಗೆಗಳಿಗೇನೂ ಬರವಿರಲಿಲ್ಲ. ಕಟ್ಟೆಯ ಮೇಲೆ ಉದ್ದಕ್ಕೂ ಕೂತಿದ್ದವು. ಪಕ್ಕದ ಮನೆತನದವರ ಎಲೆಗೆ ದಬದಬನೆ ಬಿದ್ದವು. ನಮ್ಮ ಎಲೆಯ ಕಡೆ ಒಂದೂ ಬರಲಿಲ್ಲ. ಕಟ್ಟೆಯ ತುದಿಯಲ್ಲಿ ಒಂದು ಕಾಗೆ ಮಾತ್ರ ಊಟದ ಗದ್ದಲಕ್ಕೆ ಹೋಗದೆ, ಕುತ್ತಿಗೆ ಓರೆ ಮಾಡಿ, ಒಂದೇ ಕಣ್ಣಿನಿಂದ ನಮ್ಮನ್ನು ನೋಡುತ್ತಾ ಕೂತಿತ್ತು. ಬಿಸಿಲು ನೆತ್ತಿಗೇರುತ್ತಿತ್ತು. ನದಿಯ ಮೇಲೆ ಗಾಳಿಯೇ ಇರಲಿಲ್ಲ.

"ಪಿಟ್ಟ ಮುಟ್ಟಲೇದು" ಎಂದು ಯಾರೋ ಪಿಸುಗುಟ್ಟಿದರು, ಹಕ್ಕಿ ಮುಟ್ಟಲಿಲ್ಲ ಎಂದು. ಪ್ರಸಾದ್ ಕೈಮುಗಿದು, ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದ. ಕಾಗೆ ಕದಲಲಿಲ್ಲ. ಮೂರ್ತಿಗಾರು ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಅವರ ತಮ್ಮನೇ ಮುಂದೆ ಬಂದು, ಆ ಜಗಳ ನನ್ನದೇ ತಪ್ಪು ಎಂದು ಅತ್ತ. ಎಲ್ಲರ ಕಣ್ಣೂ ಒದ್ದೆಯಾಯಿತು, ಕಾಗೆ ರೆಕ್ಕೆ ಕೆದರಿಕೊಂಡು ಮತ್ತೆ ಕೂತಿತು. ನಾನು ಬೆಲ್ಲದ ಉಂಡೆಯನ್ನು ಎಲೆಯಲ್ಲಿಟ್ಟು ಬಂದೆ. ಇಲ್ಲ. ಪುರೋಹಿತರು ಗಡಿಯಾರ ನೋಡಿ, ದರ್ಭೆಯಿಂದಲೇ ಕಾಗೆ ಮಾಡಿ ಮುಟ್ಟಿಸಿ ಮುಗಿಸೋಣ, ಅದಕ್ಕೂ ಶಾಸ್ತ್ರವಿದೆ ಎಂದರು. ಆಗ ಕಾಮೇಶ್ವರಮ್ಮ ತಲೆಯೆತ್ತಿ, "ಬ್ಯಾಡ್ರಿ. ಹಸಿದು ಹೋಗೋದು ಬ್ಯಾಡ. ಅವರು ಹಂಗೇ ಅಲೀತಾರೆ ಅಂದ್ರೆ ನಾನು ಮನೇಲಿ ಹೆಂಗೆ ಉಣ್ಣಲಿ?" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಸಾರ್, ಅವರಿಗೆ ಬಂಗಾರ ಬ್ಯಾಡ, ಮನೆ ಬ್ಯಾಡ. ನನಗೆ ಗೊತ್ತು ಏನು ಉಳಿದದೆ ಅಂತ. ಆ ಬಾಗಿಲು. ನೀವು ಹೇಳ್ರಿ. ನೀವೇ ಹೇಳಬೇಕು."

ಐವತ್ತು ಜನ ನನ್ನನ್ನೇ ನೋಡಿದರು. ಬ್ಯಾಂಕಿನ ಅಧಿಕಾರಿ, ಒದ್ದೆ ಪಂಚೆ, ಎದುರಿಗೆ ಕಾಗೆ. ಏನಾದರೊಂದು ಕಥೆ ಕಟ್ಟಿ ಹೇಳಿಬಿಡಬಹುದಿತ್ತು. ಒಳಗೆ ಕ್ಯಾಪ್ಟನ್ನೇ ಇದ್ದಳು ಎಂದು ನನ್ನ ವಾದವನ್ನೇ ಗೆಲ್ಲಿಸಿಕೊಳ್ಳಬಹುದಿತ್ತು. ಆದರೆ ಆ ಕಣ್ಣಿನ ಎದುರು ಸುಳ್ಳು ಬಾಯಿಗೆ ಬರಲಿಲ್ಲ. "ಮೂರ್ತಿಗಾರು," ಎಂದೆ. "ನನಗೂ ಗೊತ್ತಿಲ್ಲ ಸಾರ್. ಆ ಉಂಗುರದವನು ಇನ್ನೂ ಬರ್ತಾನೇ ಇದಾನೆ. ಆದ್ರೆ ನಾನು ಬಿಡಲ್ಲ. ಎಲ್ಲಿಂದಾದ್ರೂ ಹುಡುಕಿ, ಒಳಗೆ ಯಾರಿದ್ರು ಅಂತ ತಿಳ್ಕೊಂಡು ನಿಮಗೆ ಬಂದು ಹೇಳ್ತೀನಿ. ನೀವು ಊಟ ಮಾಡಿ ಸಾರ್, ಅಮ್ಮನವರು ಕಾಯ್ತಿದಾರೆ."

ಕಾಗೆ ಹಾರಲಿಲ್ಲ. ಕಟ್ಟೆಯಿಂದ ಇಳಿದು, ಮೆಟ್ಟಿಲು ಮೆಟ್ಟಿಲಾಗಿ ಕುಪ್ಪಳಿಸುತ್ತಾ ಬಂತು. ಎಲೆಯ ಹತ್ತಿರ ನಿಂತು ನನ್ನನ್ನು ನೋಡಿತು. ಆಮೇಲೆ ಅನ್ನ ಬಿಟ್ಟು ತಂಬಿಗೆಯ ಕಡೆ ತಿರುಗಿ ಕೊಕ್ಕಿನಿಂದ ಕುಟ್ಟಿತು. ಟಕ್, ಟಕ್, ಟಕ್. ಅವಸರವಿಲ್ಲದ ಸದ್ದು. ಹಿತ್ತಾಳೆಯಾದ್ದರಿಂದ ನೀರಿನವರೆಗೂ ಕೇಳಿಸಿತು. ಅಷ್ಟಾದ ಮೇಲೆ ಪಿಂಡಕ್ಕೆ ಬಾಯಿ ಹಾಕಿತು, ಬೆಲ್ಲದ ಚೂರೊಂದನ್ನು ಎತ್ತಿಕೊಂಡು ಹಾರಿಹೋಯಿತು. ಕಾಮೇಶ್ವರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು, ಅಳುತ್ತಲೇ ನಕ್ಕರು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಷ್ಟರಲ್ಲಿ ಆಚೆ ಬದಿಯಿಂದ ಇನ್ನೊಂದು ಮನೆತನದ ಹಿರಿಯರೊಬ್ಬರು ಬಂದು ಕೈಮುಗಿದರು. ಅವರ ಎಲೆಯನ್ನೂ ಹಕ್ಕಿ ಮುಟ್ಟಿಲ್ಲವಂತೆ. "ತಾವು ಒಂದ್ಸಲ ಬಂದು ಆ ಭಾಷೆಯಲ್ಲಿ ಹೇಳಿ ಬಾಬು" ಎಂದು ತೆಲುಗಿನಲ್ಲಿ ಬೇಡಿಕೊಂಡರು. ಕಾಗೆಗಳಿಗೆ ಕನ್ನಡ ಹೆಚ್ಚು ಹಿಡಿಸುತ್ತದೆಂದು ಅವರು ತೀರ್ಮಾನಿಸಿದ್ದಿರಬೇಕು.

ಕೊಟ್ಟ ಮಾತು ತಲೆಯ ಮೇಲೆ ಕೂತಿತು. ಮೇಘನಾ ಆಗ ಕಾಲೇಜಿಗೆ ಸೇರಿದ್ದಳು. ಅವಳನ್ನು ಇಂಟರ್ನೆಟ್ ಸೆಂಟರಿಗೆ ಕರೆದುಕೊಂಡು ಹೋಗಿ ಹುಡುಕಿಸಿದೆ. ಪಕ್ಕದ ಕಂಪ್ಯೂಟರುಗಳಲ್ಲಿ ಹುಡುಗರು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದರು, ನಾವು ಬಾಗಿಲು ಹುಡುಕುತ್ತಿದ್ದೆವು. ಬಹಳ ಹೊತ್ತಿನ ಮೇಲೆ ಅವಳು ತೆರೆಯಿಂದ ಮುಖ ತಿರುಗಿಸದೆ, "ಅಪ್ಪಾ, ಅಯಿಪೋಯಿಂದಿ" ಎಂದಳು, ಮುಗಿದುಹೋಯಿತು ಎಂದು. ಆ ಧಾರಾವಾಹಿ ಅದರ ದೇಶದಲ್ಲೇ ಅರ್ಧಕ್ಕೆ ನಿಂತಿತ್ತು. ನೋಡುವವರಿಲ್ಲ ಎಂದು ನಿಲ್ಲಿಸಿ, ನೌಕೆಯ ಸೆಟ್ ಒಡೆದು ಹಾಕಿದ್ದರು. ಬರೆದವನೂ ತೀರಿಕೊಂಡಿದ್ದ, ಒಳಗೆ ಯಾರಿದ್ದರೆಂದು ಯಾರಿಗೂ ಹೇಳದೆ. ಆ ಹಿಡಿಕೆಯ ಮೇಲೆ ಕ್ಯಾಪ್ಟನ್ ಕೈಯಿಟ್ಟದ್ದೇ ಕೊನೆ. ಬಾಗಿಲ ಆಚೆ ಸೆಟ್ಟಿನವರು ಏನನ್ನೂ ಕಟ್ಟಿರಲೇ ಇಲ್ಲ. ನಾನು ಒಂದು ಕಾಗೆಗೆ, ಐವತ್ತು ಜನರ ಎದುರು, ಇಲ್ಲದ ಸಂಗತಿಯೊಂದನ್ನು ತಂದುಕೊಡುತ್ತೇನೆಂದು ಮಾತು ಕೊಟ್ಟು ಬಂದಿದ್ದೆ.

ಅದರ ಮುಂದಿನ ಭಾನುವಾರ ನಮ್ಮ ಅಡುಗೆ ಮನೆಯ ಕಿಟಕಿಗೆ ಕಾಗೆ ಬಂತು. ಬರಲಿ, ವಿಶಾಖಪಟ್ಟಣದಲ್ಲಿ ಕಾಗೆಗಳಿಗೇನು ಕಡಿಮೆ. ಆದರೆ ಅದು ಹನ್ನೊಂದಕ್ಕೆ ಬಂತು. ಬಂದು ಗಾಜಿನ ಮೇಲೆ ಕೊಕ್ಕಿನಿಂದ ಕುಟ್ಟಿತು. ಮೂರು ಸಲ. "ಅಪ್ಪಾ, ಕಾಕಿ ವಚ್ಚಿಂದಿ!" ಎಂದು ಮೇಘನಾ ಕೂಗಿದಾಗ ನನ್ನ ಕೈಯಲ್ಲಿದ್ದ ಎಣ್ಣೆ ಬಟ್ಟಲು ಜಾರಿತು. ಓರೆ ಕುತ್ತಿಗೆ, ಒಂದು ಕಣ್ಣು. "ವಿಜಯವಾಡದ್ದು ಇಲ್ಲಿಗೆ ಹೇಗೆ ಬರುತ್ತೆ?" ಎಂದೆ. "ಅದಕ್ಕೇನು ರಿಸರ್ವೇಷನ್ ಬೇಕಾ?" ಎಂದು ಸುಮಿತ್ರಾ ಒಂದು ಇಡ್ಲಿ ಮುರಿದಿಟ್ಟಳು. ಅವಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಇಡ್ಲಿಯಿಟ್ಟರೆ ಕಾಗೆ ಬರುತ್ತದೆ, ಇಟ್ಟದ್ದಕ್ಕೆ ಮತ್ತೆ ಬರುತ್ತದೆ. ಮುಂದಿನ ವಾರವೂ ಬಂತು, ಅದರ ಮುಂದಿನ ವಾರವೂ ಬಂತು. ಟಿ.ವಿ.ಯಲ್ಲಿ ಉಂಗುರದವನು ಬರುವ ಹೊತ್ತಿಗೆ ಸರಿಯಾಗಿ ಗಾಜಿನ ಮೇಲೆ ಟಕ್ ಟಕ್ ಟಕ್. ಸಾಲಗಾರರನ್ನು ದಿನಾ ನೋಡುವ ಬ್ಯಾಂಕಿನವನು ನಾನು. ಈಗ ನನ್ನ ಕಿಟಕಿಗೇ ವಸೂಲಿಗೆ ಬಂದಂತಾಯಿತು. ಹನ್ನೊಂದಾಗುತ್ತಿದ್ದಂತೆ ಅಡುಗೆ ಮನೆಗೆ ಕಾಲಿಡಲು ಅಂಜುತ್ತಿದ್ದೆ. "ಮುಂದಿನ ವಾರ ಹೇಳ್ತೀನಿ ಸಾರ್" ಎಂದು ಒಂದೆರಡು ಸಲ ಬಾಗಿಲ ಮರೆಯಿಂದ ಹೇಳಿಯೂ ನೋಡಿದೆ. ಚಾನೆಲ್ಲಿನ ಆ ಹುಡುಗಿಯ ಜೇನಿನ ದನಿಯೇ ನನಗೂ ಬಂದಿತ್ತು.

ಹೀಗೆ ನಾನು ಅಡುಗೆ ಮನೆಯ ಬಾಗಿಲ ಪರದೆಯ ಹಿಂದೆ ಅಡಗಿ ನಿಂತಿದ್ದ ಒಂದು ಭಾನುವಾರ ಸುಮಿತ್ರಾಳ ತಾಳ್ಮೆ ಹಾರಿತು. "ಏನ್ರೀ ಇದು ನಿಮ್ಮ ಅವತಾರ? ಒಂದು ಕಾಗೆಗೆ ಹೆದರಿಕೊಂಡು!"

"ಅದು ಕಾಗೆ ಅಲ್ಲ ಕಣೇ. ಕೇಳ್ತಿದಾರೆ ಅವರು. ಒಳಗೆ ಯಾರಿದ್ರು ಅಂತ ಕೇಳ್ತಿದಾರೆ. ನಾನೇನು ಹೇಳಲಿ? ಯಾರಿಗೂ ಗೊತ್ತಿಲ್ಲ, ಯಾವತ್ತೂ ಗೊತ್ತಾಗಲ್ಲ ಅಂತ ಹೇಳಲಾ?"

ಅವಳು ಸೌಟು ಕೆಳಗಿಟ್ಟಳು. ಆ ಧಾರಾವಾಹಿಯ ಒಂದು ಕಂತನ್ನೂ ಕೂತು ನೋಡದವಳು ಅವಳು. "ಕೇಳ್ತಿದಾರೆ ಅಂತ ನಿಮಗೆ ಯಾರು ಹೇಳಿದ್ದು? ಮೂರು ಸಲ ತಟ್ಟಿದ್ರೆ ಏನರ್ಥ? ನೀವಿಬ್ಬರೇ ತಾನೇ ಆ ಕಾನೂನು ಮಾಡಿದ್ದು? ಮನೆಯಿಡೀ ಮೇಜು ಕುಟ್ಟಿಕೊಂಡು ತಿರುಗ್ತಿದ್ರಲ್ಲ!"

"ನೋಡಿದ್ದೇನೆ, ಹೇಳುವುದಿಲ್ಲ ಅಂತ..." ಎಂದವನು ಅಲ್ಲಿಗೇ ನಿಂತೆ.

ಇಷ್ಟು ದಿನ ನಾನು ತಲೆಕೆಳಗಾಗಿ ತಿಳಿದಿದ್ದೆ. ಮೂರ್ತಿಗಾರು ಕೇಳಲು ಬರುತ್ತಿರಲಿಲ್ಲ. ಕ್ಯಾಪ್ಟನ್ ಕೈಯಿಟ್ಟು ನಿಂತ ಆ ಹಿಡಿಕೆಯನ್ನು ಅವರು ಪೇಪರ್ ಓದುತ್ತಾ ಕೂತಲ್ಲೇ ತಿರುಗಿಸಿ ಒಳಗೆ ಹೋಗಿಬಿಟ್ಟಿದ್ದಾರೆ. ಬಾಗಿಲ ಆಚೆ ಯಾರಿದ್ದಾರೆ, ಏನಿದೆ, ತಟ್ಟುವವರು ಯಾರು, ಎಲ್ಲವನ್ನೂ ನೋಡಿದ್ದಾರೆ. ನದಿಯ ಮೆಟ್ಟಿಲ ಮೇಲೆ ತಂಬಿಗೆ ಕುಟ್ಟಿ ನನಗೆ ಹೇಳಿದ್ದೂ ಅದನ್ನೇ. ಪಾಪ, ಎಷ್ಟು ಭಾನುವಾರ ಇಲ್ಲಿಯವರೆಗೆ ಬಂದು, ಗಾಜು ಕುಟ್ಟಿ, ನನ್ನ ಮುಖ ನೋಡಿ ಹೋಗಿದ್ದಾರೆ! ನಿಯಮ ಮಾತ್ರ ಮುರಿದಿಲ್ಲ. ಹಿಂದೆ ನಾನು ಒಂದು ವಾರ ಮಾತು ಬಿಟ್ಟದ್ದು ಅವರಿಗೆ ಇನ್ನೂ ನೆನಪಿದೆ.

ನಾನು ಪರದೆ ಸರಿಸಿ ಕಿಟಕಿಯ ಹತ್ತಿರ ಹೋದೆ. ಬಿಸಿಲು ಕಣ್ಣಿಗೆ ಹೊಡೆಯಿತು. ಬಂದರಿನ ಕಡೆಯಿಂದ ಯಾವುದೋ ಹಡಗಿನ ಕೂಗು ಕೇಳಿಸಿತು. ಗಾಜಿನ ಆಚೆ ಆ ಕಣ್ಣು, ಈಚೆ ನಾನು. ಯಾರು ಒಳಗೆ, ಯಾರು ಹೊರಗೆ ಎಂದು ಒಂದು ಕ್ಷಣ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಬಂತು, ನಗುವೂ ಬಂತು. "ಗೊತ್ತಾಯ್ತು ಸಾರ್. ಹೇಳಬೇಡಿ, ನಾನೇ ನೋಡ್ಕೋತೀನಿ" ಎಂದೆ. ಕಾಗೆ ಇಡ್ಲಿ ಬಿಟ್ಟು ಒಂದು ಹೆಜ್ಜೆ ನನ್ನ ಕಡೆಗೆ ಬಂತು. ತಲೆ ಓರೆ ಮಾಡಿ, ಬಾ ಎನ್ನುವ ಹಾಗೆ ನೋಡಿತು. ಒಂದು ಕಂತಿಗಾಗಿ ಅಪರಿಚಿತ ದಂತವೈದ್ಯರ ಬಾಗಿಲು ತಟ್ಟಿದ ಕಟ್ಟಾ ಅಭಿಮಾನಿಯಾದ ನಾನು ಅವಸರವಸರವಾಗಿ ಎರಡು ಹೆಜ್ಜೆ ಹಿಂದೆ ಸರಿದು ಹೇಳಿದೆ:

"ಈಗಲೇ ಏನೂ ಬೇಡ ಸಾರ್. ನಾನು ಮರುಪ್ರಸಾರದಲ್ಲಿ ನೋಡಿದರೂ ನಡೆಯುತ್ತೆ."